ನನ್ನ ಎಡಮಂಡಿಗೆ ಒಂದು ವರ್ಷ

ಆಪರೇಷನ್ ಮಾಡಿ ಹಾಕಿದ ನನ್ನ ಹೊಸ ಎಡಮಂಡಿಗೆ ಕಳೆದ ತಿಂಗಳು ಒಂದು ವರ್ಷ ತುಂಬಿತು. ಉಳಿದ ಮೈಗೆಲ್ಲ 59. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕದು ಈ ಮಂಡಿಯೇ, ಮೊಮ್ಮಗಳಿಗಿಂತಲೂ.

ನಮ್ಮದು ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಹಳ್ಳಿ. ಊರಿನ ಮಹಿಳಾ ಡೇರಿಯಲ್ಲಿ 19 ವರ್ಷ ಕಾರ್ಯದರ್ಶಿಯಾಗಿದ್ದೆ. ಬೆಳಿಗ್ಗೆ ಐದೂವರೆಗೆ ಹೋಗಿ ನಿಂತರೆ ಎಂಟರವರೆಗೂ ನಿಂತೇ ಇರಬೇಕು. ಹಾಲು ಅಳೆಯಬೇಕು, ಫ್ಯಾಟ್ ನೋಡಬೇಕು, ಬುಕ್ಕಿಗೆ ಬರೆಯಬೇಕು. ಮನೆಗೆ ಬಂದರೆ ಎರಡು ಸೀಮೆಹಸು. ಅವುಗಳ ಹತ್ತಿರ ಕುಕ್ಕರಗಾಲಲ್ಲಿ ಕೂರಬೇಕು. ಮಂಡಿ ಸವೆಯದೆ ಇನ್ನೇನಾಗುತ್ತೆ ಹೇಳಿ.

ಮೊದಲು ಮೆಟ್ಟಿಲು ಇಳಿಯುವಾಗ ಮಾತ್ರ ನೋವಿತ್ತು. ಆಮೇಲೆ ಎದ್ದಾಗ, ಆಮೇಲೆ ಮಲಗಿದಾಗಲೂ. ಎಣ್ಣೆ ಹಚ್ಚಿದೆ, ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದೆ, ಮಂಡಿಗೆ ಹಾಕುವ ಬಿಗಿ ಪಟ್ಟಿ ಹಾಕಿದೆ. ಸ್ಟೀರಾಯ್ಡ್ ಸೂಜಿ ಒಂದು ಹಾಕಿಸಿಕೊಂಡೆ. ಅದು ಎರಡು ತಿಂಗಳು ನಡೆಯಿತು. ಕೊನೆಕೊನೆಗೆ ನನ್ನ ಕಾಲು ಬಿಲ್ಲಿನ ಹಾಗೆ ಬಾಗಿ, ಡೇರಿಗೆ ಬರುವ ಹುಡುಗರು ಹಿಂದಿನಿಂದ ನೋಡಿದರೆ ನನ್ನ ನಡಿಗೆ ಗುರುತು ಹಿಡಿಯುತ್ತಿದ್ದರು.

ಆದರೂ ಆಪರೇಷನ್‌ಗೆ ಧೈರ್ಯ ಬರಲಿಲ್ಲ. ಅದಕ್ಕೆ ಕಾರಣ ನಮ್ಮಕ್ಕ.

ಅಕ್ಕನಿಗೆ ಎಂಟು ವರ್ಷದ ಹಿಂದೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಂಡಿಗೆ ಎರಡು ತೂತು ಹಾಕಿ, ಕ್ಯಾಮೆರಾ ಬಿಟ್ಟು "ತೊಳೆದು" ಕಳಿಸಿದ್ದರು. 45 ಸಾವಿರ ಖರ್ಚಾಯಿತು. ಸಣ್ಣ ಗಾಯ, ಮಾರನೇ ದಿನವೇ ಮನೆ, ಎಲ್ಲರಿಗೂ ಖುಷಿ. ಐದು ತಿಂಗಳಿಗೆ ನೋವು ವಾಪಸ್ ಬಂತು. ಅಂದಿನಿಂದ ಅವಳು ಮಂಡಿ ಆಪರೇಷನ್ ಅಂದರೆ ಸಾಕು, "ಅದೆಲ್ಲ ದುಡ್ಡಿಗೆ ದಂಡ" ಅನ್ನುತ್ತಾಳೆ. ನಮ್ಮ ಕಡೆ ಅರ್ಧ ಊರು ತೆಲುಗು ಮಾತಾಡುತ್ತೆ. ಪಕ್ಕದ ಮನೆಯವರೂ ದಿನಾ "ವದ್ದಮ್ಮಾ, ವದ್ದು", ಅಂದರೆ ಬೇಡಮ್ಮಾ ಬೇಡ, ಅನ್ನುತ್ತಿದ್ದರು.

ನನ್ನ ಸೊಸೆ ನರ್ಸಿಂಗ್ ಓದಿದವಳು. ಅವಳು ಬಿಡಿಸಿ ಹೇಳಿದ ಮೇಲೆ ಗೊತ್ತಾಯಿತು, ಅಕ್ಕನಿಗೆ ಆದದ್ದೇ ಬೇರೆ, ನನಗೆ ಬೇಕಾದದ್ದೇ ಬೇರೆ. ಸವೆದ ಮಂಡಿಯನ್ನು ಕ್ಯಾಮೆರಾ ಬಿಟ್ಟು ತೊಳೆಯುವುದರಿಂದ ಲಾಭವಿಲ್ಲ ಅಂತ ಅಮೆರಿಕದಲ್ಲಿ 2002ರಲ್ಲೇ ತೋರಿಸಿದ್ದಾರಂತೆ. 180 ಜನರನ್ನು ತಗೊಂಡು ಕೆಲವರಿಗೆ ನಿಜವಾಗಿ ತೊಳೆದರು, ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿಗೆ ಹಾಕಿದರು. ಎರಡು ವರ್ಷ ನೋಡಿದರೆ ಎರಡೂ ಗುಂಪಿಗೆ ನೋವು ಒಂದೇ. ಇದನ್ನು ಅಕ್ಕನಿಗೆ ಹೇಳಿದೆ. "ಹಂಗಾದ್ರೆ ನನಗೂ ಸುಮ್ನೆ ಹೊಲಿಗೆ ಹಾಕಿ ಕಳಿಸಿದ್ರೆ ಆಗ್ತಿತ್ತು" ಅಂದಳು.

ಆಷಾಢದಲ್ಲಿ ಕೋಲಾರಕ್ಕೆ ಹೋಗಿ ಮೂಳೆ ಡಾಕ್ಟರಿಗೆ ತೋರಿಸಿದೆವು. ಇಲ್ಲೊಂದು ಮಾತು: ಎಕ್ಸ್‌ರೇ ನಿಂತು ತೆಗೆಸಿ. ನನ್ನ ಹಳೆಯ ಎಕ್ಸ್‌ರೇ ಎಲ್ಲ ಮಲಗಿಸಿ ತೆಗೆದದ್ದು. ಅದರಲ್ಲಿ ಮೂಳೆಗಳ ಮಧ್ಯೆ ಸಂದು ಇದ್ದ ಹಾಗೆ ಕಾಣುತ್ತಿತ್ತು. ನಿಂತಾಗ ತೆಗೆದರೆ ಒಳಬದಿಯಲ್ಲಿ ಮೂಳೆಗೆ ಮೂಳೆ ತಾಗಿಕೊಂಡಿತ್ತು. ಹೊರಬದಿಯೂ, ಚಿಪ್ಪಿನ ಹಿಂದೆಯೂ ಸವೆದಿತ್ತು. "ಒಳಬದಿ ಮಾತ್ರ ಹೋಗಿದ್ರೆ ಅರ್ಧ ಮಂಡಿ ಹಾಕಬಹುದಿತ್ತು. ನಿಮಗೆ ಪೂರ್ತಿನೇ ಬೇಕು" ಅಂದರು. ಪೂರ್ತಿ ಅಂದರೂ ಮಂಡಿಯನ್ನೇ ಕಿತ್ತು ಬೇರೆ ಇಡುವುದಿಲ್ಲ. ಸವೆದ ಮೂಳೆಯ ತುದಿಗಳನ್ನು ತೆಳ್ಳಗೆ ಕೊಯ್ದು ಲೋಹದ ಟೋಪಿ ಹಾಕುತ್ತಾರೆ. ನಡುವೆ ಗಟ್ಟಿ ಪ್ಲಾಸ್ಟಿಕ್ ಹಾಳೆ. ನಾನು ಅಲ್ಲಿವರೆಗೂ ಬೈಕಿನ ಬೇರಿಂಗ್ ಬದಲಾಯಿಸಿದ ಹಾಗೆ ಅಂದುಕೊಂಡಿದ್ದೆ.

ದುಡ್ಡಿನ ವಿಚಾರ. ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಂದು ಮಂಡಿಗೆ ಎರಡೂಕಾಲು ಲಕ್ಷ ಅಂದರು. ಅದರ ಮೇಲೆ ರೋಬೋಟ್ ಬೇಕಾ, ಚಿನ್ನದ ಬಣ್ಣದ ಮಂಡಿ ಬೇಕಾ ಅಂತ ಕೌಂಟರಿನ ಹುಡುಗಿ ಸೀರೆ ತೋರಿಸಿದ ಹಾಗೆ ಪುಸ್ತಕ ತಿರುಗಿಸಿ ತೋರಿಸಿದಳು. ನಮ್ಮನೆಯವರು, "ಕೋಲಾರದೋರಿಗೆ ಚಿನ್ನ ತೋರಿಸ್ತೀಯಲ್ಲಮ್ಮ, ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯ್ತು" ಅಂದು ಎದ್ದುಬಿಟ್ಟರು. ಒಂದು ವಿಷಯ ಗೊತ್ತಿರಲಿ. ಮಂಡಿಗೆ ಹಾಕುವ ಲೋಹಕ್ಕೆ 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಬೆಲೆಮಿತಿ ಹಾಕಿತು. ಜಾಸ್ತಿ ಜನರಿಗೆ ಹಾಕುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ಇಟ್ಟ ಬೆಲೆ 54,720 ರೂಪಾಯಿ, ಜಿಎಸ್‌ಟಿ ಬೇರೆ. ಮೊದಲು ಅದೇ ಲಕ್ಷದ ಮೇಲಿತ್ತು. ಬಿಲ್ಲಿನಲ್ಲಿ ಲೋಹದ ಬೆಲೆಯನ್ನು ಬೇರೆ ಬರೆದು ತೋರಿಸಿ ಅಂತ ಕೇಳಿ.

ನಮ್ಮದು ಬಿಪಿಎಲ್ ಕಾರ್ಡು. ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಸರ್ಕಾರ ಇಟ್ಟ ದರದಲ್ಲಿ ನೂರಕ್ಕೆ 30ರಷ್ಟು ಮಾತ್ರ ಸಿಗುತ್ತೆ. ಆದರೆ ನೇರವಾಗಿ ದೊಡ್ಡಾಸ್ಪತ್ರೆಗೆ ಹೋಗಿ ಕಾರ್ಡು ತೋರಿಸಿದರೆ ನಡೆಯಲ್ಲ. ತುರ್ತು ಇಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರು ರೆಫರಲ್ ಚೀಟಿ ಕೊಡಬೇಕು. ಇದು ಗೊತ್ತಿಲ್ಲದೆ ನಾವು ಬೆಂಗಳೂರಿಗೆ ಸುಮ್ನೆ ಒಂದು ಸಲ ಹೋಗಿ ಬಂದೆವು. ಬಸ್ಸಿನಲ್ಲಿ ಕಾಲು ಮಡಚಿ ಕೂತು ಆ ದಿನ ನಾನು ಪಟ್ಟ ಪಾಡು ಬೇಡ.

ಚೀಟಿ ಸಿಕ್ಕಿತು. ಆಮೇಲೆ ಹೆಸರಿನ ಗಲಾಟೆ. ಆಧಾರಿನಲ್ಲಿ ನನ್ನ ಹೆಸರಿನ ಕೊನೆಗೆ "ಅಮ್ಮ" ಇದೆ, ರೇಷನ್ ಕಾರ್ಡಿನಲ್ಲಿ ಇಲ್ಲ. ಆ ಒಂದು ಅಮ್ಮನಿಗಾಗಿ ಮೂರು ವಾರ ಹೋಯಿತು. ಗ್ರಾಮ ಒನ್ ಸೆಂಟರಿಗೆ ಎರಡು ಸಲ, ತಾಲ್ಲೂಕು ಆಹಾರ ಇಲಾಖೆಗೆ ಎರಡು ಸಲ. ಒಂದು ದಿನ ಸರ್ವರ್ ಇಲ್ಲ, ಇನ್ನೊಂದು ದಿನ ಬೆರಳಚ್ಚು ಹಿಡಿಯಲಿಲ್ಲ. ಹಾಲು ಕರೆದು ಕರೆದು ನನ್ನ ಬೆರಳಿನ ಗೆರೆಗಳೇ ಸವೆದಿವೆ. ನೀವು ಡಾಕ್ಟರನ್ನು ನೋಡುವ ಮೊದಲೇ ಎರಡೂ ಕಾರ್ಡು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿಕೊಳ್ಳಿ. ಆಸ್ಪತ್ರೆಯಲ್ಲಿ ಈ ಯೋಜನೆಯವರಿಗೆ ದಾರಿ ಹೇಳಲು ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಮೊದಲು ಅವರನ್ನು ಹುಡುಕಿ. ನಾನು ಎಲ್ಲ ಕಾಗದಕ್ಕೂ ನಾಲ್ಕು ನಾಲ್ಕು ಜೆರಾಕ್ಸ್ ಮಾಡಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೆ. ನಾಲ್ಕೂ ಖರ್ಚಾದವು.

ಇನ್ನು ಆಪರೇಷನ್ನೇ ಅಂದುಕೊಂಡರೆ ಸಕ್ಕರೆ ಅಡ್ಡ ಬಂತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ ಮಾಡಿದರು. 8.4 ಬಂತು. ಸಕ್ಕರೆ ಜಾಸ್ತಿ ಇದ್ದರೆ ಗಾಯಕ್ಕೆ ಸೋಂಕು ತಗಲುವ ಭಯ. ಲೋಹದ ಮೇಲೆ ಸೋಂಕು ಕೂತರೆ ಮತ್ತೆ ಬಿಚ್ಚಬೇಕಾದೀತು ಅಂದರು. ವಾಪಸ್ ಕಳಿಸಿದರು. ಅನ್ನ ಒಂದೇ ಹೊತ್ತು ಮಾಡಿದೆ, ಮುದ್ದೆಯನ್ನೂ ಅರ್ಧ ಮಾಡಿದೆ. ಅದರ ಜೊತೆಗೆ ಹುಳುಕು ಹಲ್ಲೊಂದು ಇತ್ತು, ಅದನ್ನೂ ಕೀಳಿಸಿಕೊಂಡು ಬನ್ನಿ ಅಂದರು. ಮಂಡಿಗೂ ಹಲ್ಲಿಗೂ ಏನು ಸಂಬಂಧ ಅಂತ ನಮ್ಮನೆಯವರು ನಕ್ಕರು. ಸಂಬಂಧ ಇದೆ. ಬಾಯಿಯ ಕೀವು ರಕ್ತದ ಮೂಲಕ ಮಂಡಿಗೂ ಹೋಗಬಹುದು. ಎರಡೂವರೆ ತಿಂಗಳಿಗೆ ಸಕ್ಕರೆ 7.3ಕ್ಕೆ ಇಳಿಯಿತು. ಅಷ್ಟು ಹೊತ್ತಿಗೆ ರೆಫರಲ್ ಚೀಟಿ ಹಳೆಯದಾಗಿತ್ತು. ಮತ್ತೆ ಹೊಸ ಚೀಟಿ.

ದೀಪಾವಳಿ ಕಳೆದ ಮೇಲೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ಡಾಕ್ಟರಿಕೆ ಓದುವ ಹುಡುಗರೂ ಇರುವ ಆಸ್ಪತ್ರೆ.

ಹಿಂದಿನ ರಾತ್ರಿ ಒಂಬತ್ತಕ್ಕೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ನಾಲ್ಕು ಪುಟ, ಎಲ್ಲ ಇಂಗ್ಲಿಷ್. ನನ್ನ ಮೇಲೆ ನನಗೇ ಕೋಪ ಬರುವುದು ಇಲ್ಲಿ. ಡೇರಿಯಲ್ಲಿ ಒಂದು ಕಾಗದ ಓದದೆ ಸಹಿ ಹಾಕಿದವಳಲ್ಲ ನಾನು. ಅಲ್ಲಿ ಹೆದರಿಕೊಂಡು ಹಾಕಿಬಿಟ್ಟೆ. ಆಪರೇಷನ್ ಆದಮೇಲೆ ನೆಲದ ಮೇಲೆ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು ಕಷ್ಟ ಅಂತ ಅದರಲ್ಲಿ ಬರೆದಿತ್ತಂತೆ. ನನಗೆ ಗೊತ್ತಾದದ್ದು ಆರು ವಾರ ಆದಮೇಲೆ. ಕನ್ನಡದಲ್ಲಿ ಹೇಳಿ, ಆಮೇಲೆ ಸಹಿ ಹಾಕುತ್ತೇನೆ ಅಂತ ನೀವು ಕೇಳಬಹುದು, ಕೇಳಲೇಬೇಕು. "ಈ ಮಂಡಿಯಲ್ಲಿ ನಾನು ಏನೇನು ಮಾಡಕ್ಕಾಗಲ್ಲ?" ಅಂತಲೇ ಕೇಳಿ. ಏನೇನು ಮಾಡಬಹುದು ಅಂತ ಎಲ್ಲರೂ ಹೇಳುತ್ತಾರೆ.

ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸಿದರು. ಎಚ್ಚರವಿತ್ತು. ಪರದೆಯ ಆಚೆ ಬಡಗಿ ಕೆಲಸ ಮಾಡುವ ಸದ್ದು. ಕೊಯ್ಯುತ್ತಿದ್ದರು, ಸುತ್ತಿಗೆಯಲ್ಲಿ ಟಕ್ ಟಕ್ ಅಂತ ಹೊಡೆಯುತ್ತಿದ್ದರು. ನೋವಿಲ್ಲ, ಆದರೆ ಮೈ ಅಲುಗುತ್ತಿತ್ತು. ನಮ್ಮ ಮನೆಗೆ ಬಾಗಿಲು ಕೂರಿಸಿದ ದಿನ ನೆನಪಾಯಿತು. ಒಂದೂಮುಕ್ಕಾಲು ಗಂಟೆ.

ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಮೊದಲ ಹೆಜ್ಜೆಗೆ ಹೆದರಿದೆ, ಆದರೆ ಆಶ್ಚರ್ಯ, ಆ ಹಳೆಯ ನೋವು ಇಲ್ಲವೇ ಇಲ್ಲ. ಗಾಯದ ನೋವಿತ್ತು, ಅದು ಬೇರೆ ಜಾತಿ. ಮೂರನೇ ರಾತ್ರಿ ಮಾತ್ರ ಯಾಕಾದರೂ ಮಾಡಿಸಿಕೊಂಡೆನೋ ಅಂತ ಅತ್ತೆ. ಮೂರನೇ ರಾತ್ರಿ ಬಹಳ ಜನ ಅಳುತ್ತಾರೆ ಅಂತ ನರ್ಸಮ್ಮ ಹೇಳಿದರು. ಹೊಟ್ಟೆಗೆ ದಿನಾ ಒಂದು ಸೂಜಿ, ರಕ್ತ ಹೆಪ್ಪುಗಟ್ಟದ ಹಾಗೆ. ಪಾದ ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕು. ಮೀನಖಂಡ ಊದಿ ನೋವಾದರೆ, ಗಾಯ ಒಸರಿದರೆ, ಜ್ವರ ಬಂದರೆ ನಾಳೆ ನೋಡೋಣ ಅನ್ನಬೇಡಿ, ಅದೇ ದಿನ ಹೋಗಿ.

ಪಕ್ಕದ ಮಂಚದಲ್ಲಿ ಚಿಂತಾಮಣಿ ಕಡೆಯ ಒಬ್ಬರಿದ್ದರು, ನನ್ನದೇ ವಯಸ್ಸು. ಅವರಿಗೆ ಅರ್ಧ ಮಂಡಿ. ನನಗಿಂತ ಗಾಯ ಚಿಕ್ಕದು. ಎರಡನೇ ದಿನಕ್ಕೆ ಅವರು ವರಾಂಡದ ಕೊನೆಗೆ ಹೋಗಿ ಬರುತ್ತಿದ್ದರು. ನಾನು ಬಾತ್‌ರೂಮಿಗೆ ಹೋಗಿ ಬರುವಷ್ಟರಲ್ಲಿ ಬೆವರುತ್ತಿದ್ದೆ. ಹೊಟ್ಟೆಕಿಚ್ಚು ಪಟ್ಟೆ, ಸುಳ್ಳು ಯಾಕೆ. ಈಗಲೂ ಫೋನಿನಲ್ಲಿ ಮಾತಾಡುತ್ತೇವೆ. ಅವರ ಮಂಡಿ ನನ್ನದಕ್ಕಿಂತ ಚೆನ್ನಾಗಿ ಮಡಚುತ್ತೆ. "ಎಷ್ಟೋ ದಿನ ಅದರ ನೆನಪೇ ಬರಲ್ಲ ಅಕ್ಕಾ" ಅನ್ನುತ್ತಾರೆ. ಆದರೆ ಅರ್ಧ ಮಂಡಿಗೆ ಮುಂದೆ ಮತ್ತೊಮ್ಮೆ ಆಪರೇಷನ್ ಆಗುವ ಸಂಭವ ಪೂರ್ತಿ ಮಂಡಿಗಿಂತ ಜಾಸ್ತಿ. ಸೊಸೆ ಓದಿ ಹೇಳಿದ್ದು: ಪೂರ್ತಿ ಮಂಡಿ ಹತ್ತರಲ್ಲಿ ಎಂಟು 25 ವರ್ಷ ಬಾಳುತ್ತವೆ, ಅರ್ಧ ಮಂಡಿ ಹತ್ತರಲ್ಲಿ ಏಳು. ಇದನ್ನು ಕೇಳಿ ನನ್ನ ಹೊಟ್ಟೆಕಿಚ್ಚು ಸ್ವಲ್ಪ ತಣ್ಣಗಾಯಿತು.

ಐದನೇ ದಿನ ಬಿಟ್ಟರು. ಹೊರಡುವಾಗ ಒಂದು ಕೆಲಸ ಮಾಡಿ. ಮಂಡಿಗೆ ಹಾಕಿದ ಲೋಹದ ಡಬ್ಬಿಗಳ ಮೇಲೆ ಸ್ಟಿಕ್ಕರ್ ಇರುತ್ತೆ, ಕಂಪನಿ, ಸೈಜು, ನಂಬರು ಎಲ್ಲ. ಅದನ್ನು ಆಸ್ಪತ್ರೆ ಫೈಲಿಗೆ ಅಂಟಿಸುತ್ತಾರೆ. ನಿಮ್ಮ ಡಿಸ್ಚಾರ್ಜ್ ಕಾಗದಕ್ಕೂ ಒಂದು ಅಂಟಿಸಿಕೊಡಿ ಅಂತ ಕೇಳಿ. ಮುಂದೆ ಇನ್ಯಾವ ಡಾಕ್ಟರ್ ಆದರೂ ಮೊದಲು ಕೇಳುವುದು ಅದನ್ನೇ.

ಹೊಸಕೋಟೆ ದಾಟುವವರೆಗೆ ಸರಿಯಿದ್ದೆ. ಹೆದ್ದಾರಿ ಬಿಟ್ಟು ನಮ್ಮೂರಿನ ರಸ್ತೆಗೆ ತಿರುಗಿದ ಮೇಲೆ ಪ್ರತಿ ಹಳ್ಳವನ್ನೂ ಮಂಡಿಯಲ್ಲಿ ಎಣಿಸಿದೆ. ಟೊಮೆಟೊ ಗಾಡಿಗಳು ಓಡಾಡಿ ಓಡಾಡಿ ಆ ರಸ್ತೆಗೆ ನನ್ನ ಹಳೆಯ ಮಂಡಿಯ ಗತಿಯೇ ಆಗಿದೆ.

ಮನೆಯಲ್ಲಿ ಕಷ್ಟ ಆದದ್ದು ನೋವಿನಿಂದಲ್ಲ, ಎತ್ತರದಿಂದ. ನಮ್ಮ ಮನೆಯಲ್ಲಿ ಎಲ್ಲವೂ ನೆಲದ ಮಟ್ಟದಲ್ಲಿತ್ತು. ಹಾಸಿಗೆ ನೆಲದ ಮೇಲೆ, ಊಟ ನೆಲದ ಮೇಲೆ, ಶೌಚಾಲಯ ಹಳೇ ಕಾಲದ್ದು. ಆಪರೇಷನ್‌ಗೆ ಹೋಗುವ ಮೊದಲೇ ಇವನ್ನೆಲ್ಲ ಎತ್ತರ ಮಾಡಿಕೊಳ್ಳಿ. ನಾವು ಬಂದ ಮೇಲೆ ಕಮೋಡ್ ಕೂರಿಸಿದೆವು. ಹತ್ತು ದಿನ ತೂತಿನ ಕುರ್ಚಿಯಲ್ಲಿ, ಮರೆಗೆ ಸೀರೆ ಕಟ್ಟಿಕೊಂಡು ಕಳೆದೆ. ಆ ಮುಜುಗರ ಮಂಡಿ ನೋವಿಗಿಂತ ಜಾಸ್ತಿ.

ಯೋಜನೆಯಲ್ಲಿ ಆಪರೇಷನ್ ಆಯಿತು, ಸರಿ. ಕೈಯಿಂದ ಹೋದ ಲೆಕ್ಕ ಹೀಗಿದೆ. ಮೊದಲಿನ ಪರೀಕ್ಷೆ, ಔಷಧಿ 9,400. ಕಾರು ಹೋಗಿ ಬರಲು 5,800. ವಾಕರ್ 1,100. ತೂತಿನ ಕುರ್ಚಿ 1,800. ಕಮೋಡ್ ಕೂರಿಸಿದ್ದು 16,000. ಮನೆಗೆ ಬಂದು ವ್ಯಾಯಾಮ ಮಾಡಿಸಿದ ಫಿಸಿಯೋ ಹುಡುಗನಿಗೆ 18 ದಿನಕ್ಕೆ 7,200. ಒಟ್ಟು 41,300. ನಮ್ಮನೆಯವರ ಕೆಲಸ ಕೆಟ್ಟದ್ದು, ಒಂದು ಹಸು ಮಾರಿದ್ದು ಲೆಕ್ಕಕ್ಕಿಲ್ಲ.

ಫಿಸಿಯೋದಲ್ಲಿ ಜಿಪುಣತನ ಮಾಡಬೇಡಿ. ಹದಿನಾಲ್ಕನೇ ದಿನ ಗಾಯ ಮುಚ್ಚಲು ಹಾಕಿದ್ದ ಪಿನ್ನು ತೆಗೆದರು. ಆಗ ಮಂಡಿ 80 ಡಿಗ್ರಿ ಮಡಚುತ್ತಿತ್ತು. ಹುಡುಗ ದಿನಾ ಬಂದು ಬಗ್ಗಿಸುತ್ತಿದ್ದ, ನಾನು ದಿನಾ ಅವನಿಗೆ ಬೈಯುತ್ತಿದ್ದೆ. ಆರು ವಾರಕ್ಕೆ 105. ಮೂರು ತಿಂಗಳಿಗೆ 112. ಅಲ್ಲಿಗೆ ನಿಂತಿತು. ಆಪರೇಷನ್‌ಗೆ ಮೊದಲು ಎಷ್ಟು ಮಡಚುತ್ತಿತ್ತೋ ಆಮೇಲೆಯೂ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತಂತೆ. ನನ್ನದು ಮೊದಲೇ ನೂರರ ಹತ್ತಿರ ಇತ್ತು. ವರ್ಷಗಟ್ಟಲೆ ತಡ ಮಾಡಿದ್ದರ ಬಡ್ಡಿ ಇದು.

ಆರನೇ ವಾರ ತೋರಿಸಲು ಹೋದಾಗ ಡಾಕ್ಟರ್ ಎಕ್ಸ್‌ರೇ ನೋಡಿ "ಸೂಪರ್" ಅಂದರು. ನಾನು ಕೇಳಿದೆ, "ಹಸು ಹತ್ತಿರ ಯಾವಾಗ ಕೂತ್ಕೋಬಹುದು ಸಾರ್?" ಅವರು ನನ್ನ ಮುಖ ನೋಡಿದರು. "ಕುಕ್ಕರಗಾಲಲ್ಲಾ? ಅದು ಬೇಡಮ್ಮ. ಪೇಪರಲ್ಲೇ ಇತ್ತಲ್ಲ." ಅವರಿಗೆ ನನ್ನ ಕಾಲು ನೆಟ್ಟಗಾದದ್ದು ಕಾಣುತ್ತಿತ್ತು. ನನಗೆ ಕೊಟ್ಟಿಗೆ ಕಾಣುತ್ತಿತ್ತು. ಬರುವಾಗ ಬಸ್ಸಿನಲ್ಲಿ ನಾನು ಮಾತಾಡಲಿಲ್ಲ. ಉಳಿದಿದ್ದ ಹಸುವನ್ನು ಈಗ ಸೊಸೆ ಕರೆಯುತ್ತಾಳೆ. ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ತಪ್ಪು ಹುಡುಕುತ್ತೇನೆ.

ಇದೇ ಹೊತ್ತಿಗೆ ನನ್ನ ತಂಗಿ ಮಗನದೂ ಒಂದು ಕಥೆ. 24 ವರ್ಷ, ಕಬಡ್ಡಿ ಆಡುವಾಗ ಮಂಡಿಯೊಳಗಿನ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟಿಡುವ ಪಟ್ಟಿ, ಹರಿದುಕೊಂಡಿದ್ದ. ಅದೇ ಕಾಲಿನ ತೊಡೆಯ ಹಿಂದಿನ ನರದಂಥ ಎಳೆ ತೆಗೆದು ಹೊಸ ಲಿಗಮೆಂಟ್ ಮಾಡಿ ಹಾಕಿದರು. ನಾಲ್ಕನೇ ತಿಂಗಳಿಗೆ ಓಡುತ್ತಿದ್ದ. ನನಗೆ ಅವನನ್ನು ನೋಡಿ ಆಸೆಯಾಗುತ್ತಿತ್ತು. ಆದರೆ ಕೇಳಿದರೆ ಅವನಿಗೇ ಸಮಾಧಾನವಿಲ್ಲ. ಕಬಡ್ಡಿಗೆ ಇಳಿಯಲು ಕಡಿಮೆ ಅಂದರೂ ಒಂಬತ್ತು ತಿಂಗಳು ಬೇಕು ಅಂದಿದ್ದರು. ಒಂಬತ್ತೂ ಕಳೆಯಿತು. ನೋವಿಲ್ಲ, ಊತವಿಲ್ಲ. "ದೊಡ್ಡಮ್ಮ, ಕಾಲು ತಿರುಗಿಸುವಾಗ ಎದೆ ಡವಡವ ಅನ್ನತ್ತೆ" ಅನ್ನುತ್ತಾನೆ. ಈಗ ಗೆರೆಯ ಆಚೆ ನಿಂತು ಅಂಪೈರ್ ಮಾಡುತ್ತಾನೆ. ಅವನ ಮಂಡಿ ಪಾಸು, ಅವನು ಫೇಲು.

ನಿಮಗೆ ಹೆದರಿಕೆ ಆಗದಿರಲಿ ಅಂತ ಕೆಲವು ವಿಷಯ. ಮಂಡಿ ಆರು ತಿಂಗಳಾದರೂ ಮುಟ್ಟಿದರೆ ಬೆಚ್ಚಗಿತ್ತು. ಗಾಯದ ಹೊರಬದಿಯಲ್ಲಿ ಅಂಗೈ ಅಗಲ ಜಾಗ ಇವತ್ತಿಗೂ ಜೋಮು. ನಡೆಯುವಾಗ ಒಮ್ಮೊಮ್ಮೆ ಟಿಕ್ ಅನ್ನುತ್ತೆ, ಲೋಹ ಪ್ಲಾಸ್ಟಿಕ್‌ಗೆ ತಾಗುವ ಸದ್ದು. ಮೊದಲ ಎರಡು ತಿಂಗಳು ರಾತ್ರಿ ಸರಿಯಾಗಿ ನಿದ್ದೆ ಬರುವುದಿಲ್ಲ. ಇದೆಲ್ಲ ಸಾಮಾನ್ಯವಂತೆ. ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿ ಹರಕೆ ಕಟ್ಟಿಕೊಳ್ಳುವುದು ತಪ್ಪುತ್ತಿತ್ತು.

ಎಂಟನೇ ತಿಂಗಳು ಕೋಲಾರದ ಬೆಟ್ಟದಲ್ಲಿರುವ ಅಂತರಗಂಗೆ ಮೆಟ್ಟಿಲು ಹತ್ತಿದೆ. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು, ಫಿಸಿಯೋ ಹುಡುಗ ಹೇಳಿಕೊಟ್ಟ ಲೆಕ್ಕ. ಅಲ್ಲಲ್ಲಿ ಕೂತು, ಕೋತಿಗಳಿಂದ ಬ್ಯಾಗ್ ಕಾಪಾಡಿಕೊಂಡು ಹೋದೆ. ಕಲ್ಲಿನ ಬಸವನ ಬಾಯಿಂದ ಬೀಳುವ ನೀರು ಮುಖಕ್ಕೆ ಹಾಕಿಕೊಂಡೆ. ಆರು ವರ್ಷವಾಗಿತ್ತು ಅಲ್ಲಿಗೆ ಹೋಗಿ. ಆ ದಿನ ಯಾರಾದರೂ ತೃಪ್ತಿಯಾ ಅಂತ ಕೇಳಿದ್ದರೆ ನೂರಕ್ಕೆ ನೂರು ಕೊಡುತ್ತಿದ್ದೆ.

ಕೇಳಿದ್ದು ಕಳೆದ ತಿಂಗಳು, ವರ್ಷದ ತಪಾಸಣೆಗೆ ಹೋದಾಗ. ಓದುವ ಹುಡುಗ ಡಾಕ್ಟರ್ ಒಬ್ಬ ಕಾಗದ ಹಿಡಿದು ಬಂದ. ಮಂಡಿ ಎಷ್ಟು ಚೆನ್ನಾಗಿದೆ ಅಂತ ಅಳೆಯುವ ಆಕ್ಸ್‌ಫರ್ಡ್ ಪ್ರಶ್ನೆಗಳಂತೆ, ಹನ್ನೆರಡು. ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕು, ಒಟ್ಟು 48. ರಾತ್ರಿ ನೋವಿದೆಯಾ? ಇಲ್ಲ. ಬಸ್ಸು ಹತ್ತಿ ಇಳಿಯಲು ಕಷ್ಟವಾ? ಸ್ವಲ್ಪ, ಅದು ಮಂಡಿಗಿಂತ ಕಂಡಕ್ಟರ್ ವಿಸಿಲ್‌ನಿಂದ. ಒಬ್ಬರೇ ಹೋಗಿ ಮನೆ ಸಾಮಾನು ತರ್ತೀರಾ? "ಯಾವತ್ತೂ ನಮ್ಮನೆಯವರೇ ತರೋದಪ್ಪ, ಅದಕ್ಕೆಷ್ಟು ಮಾರ್ಕ್ಸ್?" ಅಂದೆ. ನಕ್ಕ. ಮಂಡಿಯೂರಿ ಮತ್ತೆ ಏಳಕ್ಕಾಗತ್ತಾ? ಆಗಲ್ಲ, ಸೊನ್ನೆ. 37 ಬಂತು. "ತುಂಬಾ ಚೆನ್ನಾಗಿದೆ ಅಮ್ಮ" ಅಂದ.

"ನೆಲದ ಮೇಲೆ ಕೂತು ಊಟ ಮಾಡ್ತೀರಾ, ಹಾಲು ಕರೀತೀರಾ ಅಂತ ಯಾಕೆ ಕೇಳಲಿಲ್ಲ?" ಅಂದೆ. ಕಾಗದ ತಿರುಗಿಸಿ ನೋಡಿದ. "ಇದರಲ್ಲಿ ಇಲ್ಲ ಅಮ್ಮ." ಇಂಗ್ಲೆಂಡಿನವರು ಕುರ್ಚಿಯ ಜನ, ಅವರ ಪ್ರಶ್ನೆಯಲ್ಲಿ ನಮ್ಮ ನೆಲ ಎಲ್ಲಿ ಬರಬೇಕು ಅಲ್ವಾ? ಆಮೇಲೆ ಅವನೇ ಹೇಳಿದ. ಪೂರ್ತಿ ಮಂಡಿ ಹಾಕಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಪೂರ್ತಿ ತೃಪ್ತಿ ಇಲ್ಲ ಅನ್ನುತ್ತಾರಂತೆ. ಎಕ್ಸ್‌ರೇ ಚೆನ್ನಾಗಿದ್ದರೂ ಹಾಗೇ. ಅಂದುಕೊಂಡಿದ್ದು ಆಗದಿದ್ದರೆ ಬೇಜಾರು ಜಾಸ್ತಿ. ಕೊನೆಗೆ ಕೇಳಿದ: ತುಂಬಾ ತೃಪ್ತಿ, ತೃಪ್ತಿ, ಹೇಳಕ್ಕಾಗಲ್ಲ, ಅತೃಪ್ತಿ, ಯಾವುದಕ್ಕೆ ಗುರುತು ಹಾಕಲಿ?

"ಅಂತರಗಂಗೆಗೆ ಹೋದಾಗ ತುಂಬಾ ತೃಪ್ತಿ. ಕೊಟ್ಟಿಗೆಗೆ ಹೋದಾಗ ಅತೃಪ್ತಿ. ಎರಡಕ್ಕೂ ಹಾಕಪ್ಪ" ಅಂದೆ. ಒಂದಕ್ಕೇ ಹಾಕಬೇಕಂತೆ. "ತೃಪ್ತಿ"ಗೆ ಹಾಕಿಸಿದೆ.

ಈಗ ಬಲಮಂಡಿ ಶುರುವಾಗಿದೆ. ನಿಂತು ಎಕ್ಸ್‌ರೇ ತೆಗೆಸಿದೆ. ಇದು ಒಳಬದಿ ಮಾತ್ರ ಸವೆದಿದೆ, ಅರ್ಧ ಮಂಡಿ ಆಗಬಹುದು ಅಂದರು. 120 ಮಡಚುತ್ತೆ. ಕಾಯುವುದಿಲ್ಲ. ಯುಗಾದಿ ಆದಮೇಲೆ ರೆಫರಲ್ ಚೀಟಿಗೆ ಹೋಗಬೇಕು. ಕಾರ್ಡುಗಳಲ್ಲಿ "ಅಮ್ಮ" ಸರಿಯಾಗಿದೆ, ಹಲ್ಲು ತೋರಿಸಿ ಬಂದೆ, ಜೆರಾಕ್ಸ್ ಈ ಸಲ ಆರಾರು ಮಾಡಿಸಿದ್ದೇನೆ. ಅಕ್ಕ ತನ್ನ ಎಕ್ಸ್‌ರೇಯನ್ನೂ ಅದೇ ಕವರಿನಲ್ಲಿ ಇಡು ಅಂತ ನಿನ್ನೆ ಕಳಿಸಿಕೊಟ್ಟಿದ್ದಾಳೆ. ಅದು ಮಲಗಿಸಿ ತೆಗೆದದ್ದು. ವಾಪಸ್ ಕಳಿಸಿದೆ.